ನಿಲ್ಲುವವನು

ಡಬಲ್ ಬೆಡ್‌ಶೀಟನ್ನು ಒಬ್ಬನೇ ಮಡಚುವುದಕ್ಕೆ ಅವನು ಒಂದು ಉಪಾಯ ಕಂಡುಕೊಂಡಿದ್ದ. ಉದ್ದುದ್ದದ ಮಡಿಕೆಗಳನ್ನು ಮಂಚದ ಮೇಲೆ ಹೇಗೋ ಮುಗಿಸಿ, ಬಟ್ಟೆಯ ಒಂದು ತುದಿಯನ್ನು ಬೀರುವಿನೊಳಗಿಟ್ಟು, ಬಾಗಿಲು ಒತ್ತಿ ಬೀಗ ತಿರುಗಿಸುವುದು. ಇನ್ನೊಂದು ತುದಿ ಹಿಡಿದು ಕಿಟಕಿಯವರೆಗೆ ಹಿಂದಕ್ಕೆ ಸರಿಯುವುದು. ಕೋಣೆಯೂ ಅಷ್ಟೇ ಉದ್ದವಿತ್ತು. ಒಮ್ಮೆ ಎಳೆದು, ಕೊಡವಿ, ಬೀರುವಿನ ಕಡೆಗೆ ಐದು ಹೆಜ್ಜೆ ನಡೆಯುವುದು. ಬೀರು ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು, ಆ ವಿಷಯದಲ್ಲಿ ದೂರಿಲ್ಲ. ಆದರೆ ಹತ್ತಿರ ಹೋದಾಗ ಅವನ ಕೈಯಲ್ಲಿದ್ದ ತುದಿಯನ್ನು ಅದು ತೆಗೆದುಕೊಳ್ಳುತ್ತಿರಲಿಲ್ಲ.

ಭಾನುವಾರ ಭಾನುವಾರ ಬರುವ ತಂಗಿ ಒಂದು ದಿನ ಬೆಡ್‌ಶೀಟಿನ ಅಂಚಿನಲ್ಲಿ ಕಪ್ಪು ಗೆರೆ ನೋಡಿದಳು.

“ಏನಣ್ಣ ಇದು, ಇಲಿ ಕಚ್ಚಿದ ಹಾಗಿದೆ?”

“ಬೀರು ಕಚ್ಚಿದ್ದು.”

ತಂಗಿ ಅವನ ಮುಖ ನೋಡಿದಳು, ಬೀರುವನ್ನು ನೋಡಿದಳು. ತಾನು ತಂದಿದ್ದ ಡಬ್ಬಿಗಳನ್ನು ತೊಳೆದು ಒರೆಸಿ ಚೀಲಕ್ಕೆ ತುಂಬಿ, ಚಪ್ಪಲಿ ಮೆಟ್ಟುವಾಗ ಹೇಳಿದಳು.

“ನಮ್ಮನೆ ಹಾಲ್‌ನಲ್ಲಿ ಸೋಫಾ ಇದೆಯಲ್ಲ. ರಾತ್ರಿ ಹೊತ್ತು ಎಳೆದರೆ ಮಂಚ ಆಗುತ್ತೆ.”

“ಹಗಲು ಹೊತ್ತು?”

“ಹಗಲು ಹೊತ್ತು ಸೋಫಾ.”

“ಹಗಲು ಹೊತ್ತು ನಾನೇನಾಗಲಿ?”

“ನೋಡು, ನಿನ್ನ ಜೊತೆ ಮಾತಾಡೋಕೆ ನನಗೆ ಬರಲ್ಲ. ಈ ತಿಂಗಳು ನೋಡೋಣ. ಕೆಲಸ ಸಿಕ್ಕಿಲ್ಲ ಅಂದ್ರೆ ಮುಂದಿನ ತಿಂಗಳು ಈ ಕೋಣೆ ಬಿಟ್ಟು ಬಂದುಬಿಡು. ಇಷ್ಟು ವರ್ಷ ದುಡಿದಿದೀಯ, ಯಾರೂ ಏನೂ ಅನ್ನಲ್ಲ.”

ಯಾರೂ ಏನೂ ಅನ್ನುವುದಿಲ್ಲ ಎನ್ನುವುದೇ ಅವನಿಗೆ ಹೆದರಿಕೆಯಾಗಿತ್ತು. ಭಾವಮೈದುನ ಒಳ್ಳೆಯವನು. ಒಳ್ಳೆಯವನು ಟಿವಿಯ ಸದ್ದು ಕಡಿಮೆ ಮಾಡಿ, ಭಾವ ಮಲಗಬೇಕು ಎಂದು ಬೇಗ ಎದ್ದು ಹೋಗುತ್ತಾನೆ. ತಿಂಗಳುಗಟ್ಟಲೆ ಒಬ್ಬ ಮನುಷ್ಯ ತನಗಾಗಿ ಟಿವಿ ಆರಿಸಿ ಎದ್ದು ಹೋಗುವುದನ್ನು ನೋಡುತ್ತ ಇರುವುದು ಹೇಗೆ ಎಂದು ಅವನು ಯೋಚಿಸಿದ.

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವನು ಇಪ್ಪತ್ತಾರು ವರ್ಷ ಬೆಡ್‌ಶೀಟ್ ಮಡಚಿದ್ದ. ಹನ್ನೊಂದು ತಿಂಗಳ ಹಿಂದೆ ಆಸ್ಪತ್ರೆ ತನ್ನ ಬಟ್ಟೆಯನ್ನೆಲ್ಲ ಹೊರಗಿನ ಕಂಪನಿಗೆ ಒಪ್ಪಿಸಿ ಲಾಂಡ್ರಿಗೆ ಬೀಗ ಹಾಕಿತು. ಈಗ ಬಟ್ಟೆ ಲಾರಿಯಲ್ಲಿ ಹೋಗಿ, ಪ್ಲಾಸ್ಟಿಕ್ ಹೊದ್ದುಕೊಂಡು ಲಾರಿಯಲ್ಲೇ ವಾಪಸು ಬರುತ್ತದೆ. ಅವನಿಗೆ ಐವತ್ತೇಳು. ಮನೆಯಲ್ಲಿ ಕೂರುವುದಕ್ಕೆ ಬೇಗವಾಯಿತು, ಬೇರೆ ಕಡೆ ನಿಲ್ಲುವುದಕ್ಕೆ ತಡವಾಯಿತು ಅನ್ನುವ ವಯಸ್ಸು.

ಮಡಚುವುದು ಇಬ್ಬರ ಕೆಲಸ. ಒಬ್ಬ ನಿಲ್ಲುವವನು, ಇನ್ನೊಬ್ಬ ನಡೆಯುವವನು. ಇಬ್ಬರೂ ಎರಡೆರಡು ಮೂಲೆ ಹಿಡಿದು ಕೊಡವುತ್ತಾರೆ, ಉದ್ದಕ್ಕೆ ಎರಡು ಸಲ ಮಡಚುತ್ತಾರೆ. ಆಮೇಲೆ ನಡೆಯುವವನು ತನ್ನ ತುದಿಯನ್ನು ತಂದು ನಿಲ್ಲುವವನ ಕೈಗೆ ಕೊಟ್ಟು, ಬಗ್ಗಿ, ಕೆಳಗೆ ಜೋತುಬಿದ್ದ ಮಡಿಕೆಯನ್ನು ಹಿಡಿದು ಮತ್ತೆ ಹಿಂದಕ್ಕೆ ಹೋಗುತ್ತಾನೆ. ಮತ್ತೆ ಬರುತ್ತಾನೆ. ಅಷ್ಟೇ. ಬಟ್ಟೆ ನೆಲಕ್ಕೆ ತಾಗಬಾರದು, ತಾಗಿದ್ದು ಮತ್ತೆ ಒಗೆಯುವುದಕ್ಕೆ. ನಡೆಯುವವನ ಕಣ್ಣು ಬರುವಾಗ ಎದುರಿನವನ ಬೆರಳುಗಳ ಮೇಲಿರುತ್ತದೆ, ಆಮೇಲೆ ನೆಲದ ಮೇಲೆ. ಬೇರೆ ಜೋಡಿಗಳಲ್ಲಿ ನಡೆಯುವವರಿಗೆ ಆರು ಹೆಜ್ಜೆ ಬೇಕಾಗುತ್ತಿತ್ತು. ಇವನು ಐದರಲ್ಲಿ ಮುಗಿಸುತ್ತಿದ್ದ. ಹಾಗಾಗಿ ಲಾಂಡ್ರಿಯಲ್ಲಿ ಇವನ ಹೆಸರು ಐದ್ಹೆಜ್ಜೆ.

ನಿಲ್ಲುವವನು ಉದ್ದಣ್ಣ. ಲಾಂಡ್ರಿಯ ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರ. ಇವನಿಗಿಂತ ಮೂರು ವರ್ಷ ದೊಡ್ಡವನು. ಮಂಡಿ ಸರಿಯಿಲ್ಲ, ಅದಕ್ಕೇ ನಿಲ್ಲುತ್ತಾನೆ ಎಂದು ಎಲ್ಲರೂ ತಿಳಿದಿದ್ದರು. ಇಪ್ಪತ್ತಾರು ವರ್ಷ ಅವರಿಬ್ಬರ ಮಾತುಕತೆ ನಡೆದದ್ದು ಒಂದು ಬೆಡ್‌ಶೀಟಿನ ಅಳತೆಯ ದೂರದಲ್ಲಿ. ಬಸ್ಸು ತಪ್ಪಿದ್ದು, ಉದ್ದಣ್ಣನ ಮಗ ಗಣಿತದಲ್ಲಿ ಗೋತಾ ಹೊಡೆದದ್ದು, ಇವನ ದವಡೆ ಹಲ್ಲು, ಇವನಿಗೆ ನೋಡಿದ್ದ ಹುಡುಗಿಯ ಮನೆಯವರು ಎರಡು ಸಲ ಒಪ್ಪಿ ಮೂರು ಸಲ ಬೇಡ ಎಂದದ್ದು. ಮಾತು ಅರ್ಧ ಆಗುವಷ್ಟರಲ್ಲಿ ಬಟ್ಟೆಯೂ ಅರ್ಧವಾಗುತ್ತಿತ್ತು, ಅದು ಮುಗಿದಾಗ ಮಾತೂ ಮುಗಿಯುತ್ತಿತ್ತು.

ಲಾಂಡ್ರಿ ಮುಚ್ಚಿದ ಮೇಲೆ ಇಬ್ಬರೂ ಒಂದೇ ಸಲ, ಒಂದು ಟೀ ಅಂಗಡಿಯಲ್ಲಿ ಎದುರುಬದುರು ಕೂತಿದ್ದರು. ಮಧ್ಯೆ ಮೇಜು ಬಿಟ್ಟರೆ ಏನೂ ಇರಲಿಲ್ಲ. ಉದ್ದಣ್ಣ ಟೀ ಲೋಟವನ್ನು ತಿರುಗಿಸಿದ. ಇವನು ಸಕ್ಕರೆಯ ಪೊಟ್ಟಣವನ್ನು ಎರಡು ಸಲ ಮಡಚಿದ. “ಮತ್ತೆ?” ಎಂದು ಒಬ್ಬ ಕೇಳಿದರೆ “ಹೀಗೇ” ಎಂದು ಇನ್ನೊಬ್ಬ. ಬಳಿಕ ಉದ್ದಣ್ಣ ಬೇರೆ ಊರಿನಲ್ಲಿರುವ ಮಗನ ಮನೆಗೆ ಹೋದ. ಮಂಡಿಗೆ ಆಪರೇಷನ್ ಆಯಿತು ಎಂದು ಯಾರಿಂದಲೋ ಗೊತ್ತಾಯಿತು.

ಕೆಲಸ ಹುಡುಕುವುದೇ ಒಂದು ಕೆಲಸ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದರಲ್ಲಿ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಪಾರ್ಸೆಲ್ ಗೋದಾಮಿನಲ್ಲಿ ಮೇಜಿನ ಹಿಂದೆ ಕೂತಿದ್ದವನು “ಅಂಕಲ್, ನಿಮ್ಮ ಅನುಭವ ನೋಡಿ ತುಂಬಾ ಸಂತೋಷ ಆಯ್ತು” ಎಂದ. ಸಂತೋಷವನ್ನು ಅವನೇ ಇಟ್ಟುಕೊಂಡ. ಅಂಗಡಿಗಳ ಕಟ್ಟಡವೊಂದರಲ್ಲಿ ಕಾವಲಿಗೆ ಕೇಳಿದರೆ, ಮೆಟ್ಟಿಲ ಮೇಲೆ ಓಡಿ ತೋರಿಸಿ ಎಂದರು. ಓಡಿ ತೋರಿಸಿದ. ಇಳಿದು ಬರುವಷ್ಟರಲ್ಲಿ ಕೇಳಿದವನು ಊಟಕ್ಕೆ ಹೋಗಿದ್ದ. ಇಂಥ ದಿನಗಳಲ್ಲಿ ಅವನ ಮೊದಲ ಮಾತು ಹೊರಬೀಳುವಾಗ ಸಂಜೆ ನಾಲ್ಕು ಗಂಟೆಯಾಗಿರುತ್ತಿತ್ತು. ಅದೂ ಬಸ್ಸಿನಲ್ಲಿ ಯಾರಿಗೋ “ಇಳೀತೀರಾ?” ಎನ್ನುವುದು. ಗಂಟಲು ಕಟ್ಟಿ ಆ ಒಂದು ಮಾತೂ ಎರಡು ತುಂಡಾಗಿ ಬರುತ್ತಿತ್ತು.

ಹೋಟೆಲ್ಲಿನ ಜಾಹೀರಾತನ್ನು ನೋಡಿದ್ದು ತಂಗಿ. ದೊಡ್ಡ ಹೋಟೆಲ್ಲು. ಬೆಡ್‌ಶೀಟ್ ಮಡಚುವುದಕ್ಕೆ ಅಲ್ಲಿ ಯಂತ್ರವಿತ್ತು, ಆದರೆ ಸಮಾರಂಭದ ಹಾಲ್‌ನ ಉದ್ದುದ್ದ ಟೇಬಲ್ ಬಟ್ಟೆಗಳು ಯಂತ್ರಕ್ಕೆ ಹಿಡಿಸುತ್ತಿರಲಿಲ್ಲ. ಕೈಯಲ್ಲಿ ಮಡಚುವವರು ಬೇಕು, ಒಬ್ಬರು. ತಂಗಿ ಕನ್ನಡಕ ಏರಿಸಿಕೊಂಡು ಮೊಬೈಲಿನಲ್ಲಿ ಅರ್ಜಿ ತುಂಬಲು ಕೂತಳು.

“ಹುಟ್ಟಿದ ಇಸವಿ ಬೆರಳಲ್ಲಿ ಕೆಳಗೆ ತಳ್ತಾ ಹೋಗಬೇಕಂತೆ. ತಳ್ತಾನೇ ಇದೀನಿ. ಅಣ್ಣ, ಇಷ್ಟು ಕೆಳಗೆ ಇದುವರೆಗೂ ಯಾರೂ ಬಂದಿಲ್ಲ ಅನ್ಸುತ್ತೆ.”

“ಸಿಕ್ತಾ?”

“ಇರು, ನಂದು ಈಗ ಸಿಕ್ತು. ನಿಂದು ಇನ್ನೂ ಕೆಳಗೆ.” ಇಬ್ಬರೂ ನಕ್ಕರು. “ಕೌಶಲ್ಯ ಅಂತ ಇದೆ. ಏನು ಬರೀಲಿ?”

“ಮಡಚೋದು.”

“ಬರೀ ಮಡಚೋದಾ? ಜೊತೆಗೆ ಏನಾದ್ರೂ ಹಾಕೋಣ. ಶಿಸ್ತು, ಸಮಯಪಾಲನೆ.”

“ಮಡಚೋದು ಅಂತ ಹಾಕು ಸಾಕು.”

ನಡೆಯುವವನು ಎಂದು ಬರೆಸಬೇಕು ಎಂದು ಅವನಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ತಂಗಿ ಅದನ್ನು ಕೌಶಲ್ಯವೆಂದು ಒಪ್ಪುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಬರಹೇಳಿದರು. ಹೋಟೆಲ್ಲಿನ ಹಿಂಬಾಗಿಲಿನಿಂದ ಇಳಿದರೆ ಉದ್ದನೆಯ ಹಾದಿ, ಬಿಸಿ ಹಬೆ, ಸೋಪಿನ ವಾಸನೆ. ಆ ವಾಸನೆಗೆ ಅವನ ಎದೆ ತುಂಬಿಬಂತು, ಅದಕ್ಕೆ ನಾಚಿಕೆಯೂ ಆಯಿತು. ಬೆಂಚಿನ ಮೇಲೆ ಇನ್ನೊಬ್ಬ ಆಗಲೇ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕಾಡಿಗೆಯಂತೆ ಕಪ್ಪಗಿನ ಕೂದಲು. ಕೂದಲಿಗೆ ಹಚ್ಚಿದ ಬಣ್ಣ ಕಿವಿಯ ಮೇಲೂ ಒಂದಿಷ್ಟು ಉಳಿದಿತ್ತು.

“ಮಡಚೋದಕ್ಕಾ?” ಎಂದು ಆ ಮನುಷ್ಯ ಕೇಳಿದ.

“ಹೂಂ. ನೀವೂ?”

“ರೈಲಿನವನು ನಾನು. ರಾತ್ರಿ ರೈಲಿಗೆ ಹಾಸಿಗೆ ಬಟ್ಟೆ ಕೊಡ್ತಾರಲ್ಲ, ಆ ಡಿಪೋ. ಹತ್ತೊಂಬತ್ತು ವರ್ಷ. ವಯಸ್ಸೆಷ್ಟು ನಿಮಗೆ?”

“ಐವತ್ತೊಂದು. ನಿಮಗೆ?”

“ಐವತ್ತು.”

ಇಬ್ಬರೂ ಗಂಭೀರವಾಗಿ ತಲೆಯಾಡಿಸಿದರು.

“ಹಾಗಾದ್ರೆ ನಾನು ನಿಮ್ಮನ್ನ ಅಣ್ಣ ಅನ್ನಬೇಕು,” ಎಂದ ರೈಲಿನವನು. ಅವನ ಕೈಯ ಹಿಂಭಾಗದ ನರಗಳಿಗೆ ಅರವತ್ತಾದರೂ ಆಗಿತ್ತು.

“ಅನ್ನಿ. ಬೇಡ ಅನ್ನೋಕಾಗುತ್ತಾ.”

“ಒಂದೇ ಜಾಗ ಅಂತೆ.”

“ಹೌದಂತೆ.”

ಇದಾದ ಮೇಲೆ ಇಬ್ಬರೂ ಎದುರಿನ ಗೋಡೆಯನ್ನು ನೋಡುತ್ತ ಕೂತರು. ಅಲ್ಲಿ ಬೆಂಕಿ ಬಿದ್ದರೆ ಏನು ಮಾಡಬೇಕೆಂಬ ಚಿತ್ರವಿತ್ತು.

ಸೂಪರ್‌ವೈಸರ್ ನಲವತ್ತರ ಆಸುಪಾಸಿನ ಹೆಂಗಸು, ಕಿವಿಯ ಹಿಂದೆ ಪೆನ್ನು. ಇಬ್ಬರನ್ನೂ ಒಳಗೆ ಕರೆದು, ಬಟ್ಟೆ ತುಂಬಿದ ಗಾಡಿಯನ್ನು ಕಾಲಿನಿಂದ ಮುಂದಕ್ಕೆ ನೂಕಿದಳು.

“ನಮ್ಮೋರು ಇವತ್ತು ರಜ. ನೀವಿಬ್ಬರೇ ಸೇರಿ ಮಡಚಿ. ನಾನು ನೋಡ್ತೀನಿ. ನೆಲಕ್ಕೆ ಬಿದ್ದಿದ್ದು ಆ ಕೆಂಪು ಡಬ್ಬಿಗೆ.” ಮೊಬೈಲಿನಲ್ಲಿ ಸಮಯ ಒತ್ತಿದಳು. “ಶುರು ಮಾಡಿ.”

ಮೊದಲನೆಯ ಬಟ್ಟೆ. ಕೊಡವಿದರು, ಉದ್ದಕ್ಕೆ ಮಡಚಿದರು, ಎರಡು ಸಲ. ಇದು ಯಾರು ಮಾಡಿದರೂ ಒಂದೇ. ಆಮೇಲೆ ಅವನು ನಡೆದ. ರೈಲಿನವನೂ ನಡೆದ. ಇಬ್ಬರ ಕಣ್ಣೂ ಎದುರಿನವನ ಬೆರಳುಗಳ ಮೇಲೆ, ಆ ಬೆರಳುಗಳು ಎಲ್ಲಿರಬೇಕಿತ್ತೋ ಅಲ್ಲಿಲ್ಲದೆ ಮುಂದೆ ಮುಂದೆ ಬರುತ್ತಿವೆ. ಮಧ್ಯದಲ್ಲಿ ಗೆಣ್ಣಿಗೆ ಗೆಣ್ಣು ಬಡಿಯಿತು. ಬಟ್ಟೆ ಇಬ್ಬರ ಕಾಲ ಬಳಿ ಗುಡ್ಡೆಯಾಗಿ ಬಿತ್ತು.

ಸೂಪರ್‌ವೈಸರ್ ಪೆನ್ನಿನಿಂದ ಕೆಂಪು ಡಬ್ಬಿ ತೋರಿಸಿದಳು.

ಎರಡನೆಯದು. ಈ ಸಲ ಇಬ್ಬರೂ ಪಾಠ ಕಲಿತಿದ್ದರು. ಇಬ್ಬರೂ ನಿಂತರು. ಅವನು ಕಾದ, ರೈಲಿನವನೂ ಕಾದ. ಬಟ್ಟೆ ನಡುವೆ ಹಗ್ಗದಂತೆ ಬಿಗಿದುಕೊಂಡಿತು.

“ಫೋಟೋ ತೆಗೀಬೇಕಾ?” ಎಂದಳು ಸೂಪರ್‌ವೈಸರ್.

“ನೀವು ನಡೆಯೋರಾ?” ಎಂದು ಅವನು ಮೆಲ್ಲಗೆ ಕೇಳಿದ.

“ಹೂಂ. ನೀವು?”

“ನಾನೂ.”

ರೈಲಿನವನು ತುಟಿ ಒದ್ದೆ ಮಾಡಿಕೊಂಡ. “ನನಗೆ ನಿಲ್ಲೋಕೆ ಬರಲ್ಲ,” ಎಂದ, ತಪ್ಪು ಒಪ್ಪಿಕೊಳ್ಳುವವನ ದನಿಯಲ್ಲಿ.

ಅವನಿಗೂ ಬರುತ್ತಿರಲಿಲ್ಲ. ನಿಂತರೆ ತಾನು ಕೆಟ್ಟೆ ಎನ್ನುವುದು ಮಾತ್ರ ಅವನಿಗೆ ಸ್ಪಷ್ಟವಾಗಿತ್ತು. ನೋಡುವವರ ಕಣ್ಣಿಗೆ ಕೆಲಸ ಮಾಡುವವನು ನಡೆಯುವವನೇ. ಬಗ್ಗುವುದು, ಏಳುವುದು, ಓಡಾಡುವುದು ಎಲ್ಲ ಅವನದು. ಇನ್ನೊಬ್ಬ ಬಟ್ಟೆ ಒಣಹಾಕುವ ಕಂಬ. ಲಾಂಡ್ರಿಯಲ್ಲಿ ಉದ್ದಣ್ಣನನ್ನು ಕೆಲವರು ಕಂಬ ಎಂದೇ ಕರೆಯುತ್ತಿದ್ದರು. ಈಗ ಕಂಬವಾದರೆ ಮುಂದಿನ ತಿಂಗಳು ಸೋಫಾ.

ಆದರೆ ಅಷ್ಟರಲ್ಲಿ ರೈಲಿನವನು ಹೆಜ್ಜೆ ಎತ್ತಿಬಿಟ್ಟಿದ್ದ. ಬರುತ್ತಿರುವವನಿಗೆ ಎದುರಾಗಿ ಹೊರಟರೆ ಬಟ್ಟೆ ಮತ್ತೆ ನೆಲಕ್ಕೆ. ಅವನು ಕಾಲೂರಿ ನಿಂತ.

ಕೈಗಳಿಗೆ ತಾವೇ ನೆನಪಾಯಿತೋ, ಇಪ್ಪತ್ತಾರು ವರ್ಷ ನೋಡಿದ ಬೆರಳುಗಳನ್ನು ಅವು ನಕಲು ಮಾಡಿದವೋ ಗೊತ್ತಿಲ್ಲ. ಮೊಣಕೈ ಪಕ್ಕೆಗೆ, ಹೆಬ್ಬೆರಳು ಮೇಲೆ. ಎದುರಿನವನು ಹತ್ತಿರ ಬಂದಂತೆ ಬಟ್ಟೆಯನ್ನು ಒಂದಿಷ್ಟು ಎತ್ತಬೇಕು, ಇಲ್ಲದಿದ್ದರೆ ಅದರ ಜೋತುಬಿದ್ದ ಹೊಟ್ಟೆ ನೆಲಕ್ಕೆ ತಾಗುತ್ತದೆ. ತುದಿ ಕೈಗೆ ಬಂದ ಕೂಡಲೇ ಹೆಬ್ಬೆರಳು ತೆರೆದು ಮುಚ್ಚಬೇಕು. ಮೂರನೆಯ ಬಟ್ಟೆ ತುಸು ಸೊಟ್ಟಗಾಯಿತು. ಆರನೆಯದು ನೆಟ್ಟಗೆ ಬಂತು. ಹತ್ತರ ಹೊತ್ತಿಗೆ ಇಬ್ಬರ ಉಸಿರೂ ಒಂದೇ ಲಯಕ್ಕೆ ಬಿತ್ತು.

ಆಗ ಅವನು ನೋಡಿದ. ನಿಲ್ಲುವವನಿಗೆ ಕಣ್ಣು ಇಡಲು ಬೇರೆ ಜಾಗವೇ ಇರಲಿಲ್ಲ. ಎದುರಿನಿಂದ ಒಂದು ಮುಖ ಬರುತ್ತದೆ. ಹತ್ತಿರ ಹತ್ತಿರ ಬರುತ್ತದೆ, ಒಂದು ಗೇಣಿನಷ್ಟು ಹತ್ತಿರ, ಆಮೇಲೆ ಬಗ್ಗಿ ಮರೆಯಾಗುತ್ತದೆ, ಎದ್ದು ಹಿಂದೆ ಹೋಗುತ್ತದೆ. ಮತ್ತೆ ಬರುತ್ತದೆ. ರೈಲಿನವನ ಕೆಳತುಟಿಯ ಗಾಯದ ಗುರುತು, ರೇಜರ್ ತಪ್ಪಿ ಉಳಿದ ನಾಲ್ಕು ಬಿಳಿ ಗಡ್ಡದ ಕೂದಲು, ಪ್ರತಿ ಸಲ ಬಗ್ಗುವಾಗಲೂ ನೋವಿಗೆ ಒಂದು ಕ್ಷಣ ಮುಚ್ಚುವ ಕಣ್ಣು. ಆ ಮನುಷ್ಯನಿಗೆ ತನ್ನನ್ನು ಯಾರಾದರೂ ನೋಡುತ್ತಿದ್ದಾರೆಂಬ ಪರಿವೆಯೇ ಇರಲಿಲ್ಲ. ಅವನ ಗಮನವೆಲ್ಲ ಬೆರಳುಗಳ ಮೇಲೆ.

ಇಪ್ಪತ್ತರ ಹೊತ್ತಿಗೆ ರೈಲಿನವನ ಕೆನ್ನೆಯ ಮೇಲಿನಿಂದ ಬೆವರಿಳಿಯಿತು. ಬೆವರು ಕಪ್ಪಗಿತ್ತು. ಬಿಳಿಯ ಟೇಬಲ್ ಬಟ್ಟೆ, ಕಪ್ಪು ಹನಿ. ಇನ್ನೆರಡು ಸಲ ಬಗ್ಗಿದರೆ ಬಿದ್ದೇ ಬೀಳುತ್ತದೆ. ಬಿದ್ದರೆ ಕೆಲಸ ತನಗೇ ಸಿಗುತ್ತದೆ. ಅವನು ಒಂದು ಬಟ್ಟೆ ಪೂರ್ತಿ ಸುಮ್ಮನೆ ನಿಂತ. ಮುಂದಿನದರಲ್ಲಿ, ಆ ಮುಖ ಹತ್ತಿರ ಬಂದಾಗ, ತಲೆ ವಾಲಿಸಿ ತನ್ನದೇ ಕೆನ್ನೆಯನ್ನು ತನ್ನ ಭುಜಕ್ಕೆ ಒರೆಸಿಕೊಂಡ. ರೈಲಿನವನು ಮೊದಲ ಸಲ ಕಣ್ಣೆತ್ತಿ ನೋಡಿ, ಹಾಗೆಯೇ ತನ್ನ ಕೆನ್ನೆಯನ್ನು ಭುಜಕ್ಕೆ ತಿಕ್ಕಿದ. ಅಂಗಿಯ ಮೇಲೆ ಕಪ್ಪು ಪಟ್ಟೆ ಮೂಡಿತು. ಸೂಪರ್‌ವೈಸರ್ ಆಗ ಮೊಬೈಲ್ ನೋಡುತ್ತಿದ್ದಳು.

“ಸಾಕು,” ಎಂದಳು ಗಾಡಿ ಖಾಲಿಯಾದಾಗ. “ಫೋನ್ ಮಾಡ್ತೀವಿ.”

ಹಿಂಬಾಗಿಲ ಹೊರಗೆ ಬಿಸಿಲಿತ್ತು. ರೈಲಿನವನು ಅಂಗಿಯ ಪಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಾಯುತ್ತಿದ್ದ.

“ನೀವು ನಿಲ್ಲದೇ ಇದ್ದಿದ್ರೆ ಇಬ್ಬರಿಗೂ ಹೋಗ್ತಿತ್ತು,” ಎಂದ. “ನನಗೇ ಆಗುತ್ತೆ ಅನ್ಸುತ್ತೆ ಅಣ್ಣ. ತಪ್ಪು ತಿಳ್ಕೋಬೇಡಿ.”

“ತಿಳ್ಕೊಳ್ಳೋಕೇನಿದೆ. ಚೆನ್ನಾಗಿ ನಡೆದ್ರಿ.”

“ಮನೇಲಿ ಹೇಳೇ ಇಲ್ಲ ನಾನು, ಡಿಪೋ ಬಿಟ್ಟಿದ್ದನ್ನ. ದಿನಾ ಬೆಳಿಗ್ಗೆ ಡಬ್ಬಿ ಹಿಡ್ಕೊಂಡು ಹೊರಡ್ತೀನಿ. ಇವತ್ತು ಹೇಳಬಹುದು.” ಆ ಮನುಷ್ಯ ನಕ್ಕಾಗ ತುಟಿಯ ಗಾಯ ಅಗಲವಾಯಿತು. “ಒಟ್ಟಿಗೆ ಹೇಳಬಹುದು. ಹೋಗಿದ್ದನ್ನೂ, ಸಿಕ್ಕಿದ್ದನ್ನೂ.”

ರೈಲಿನವನು ಎಡಕ್ಕೆ ಹೋದ. ಅವನು ಬಲಕ್ಕೆ. ಹೆಸರೂ ಕೇಳಲಿಲ್ಲ, ನಂಬರೂ ಕೇಳಲಿಲ್ಲ.

ಫೋನು ಬಂದದ್ದು ಭಾನುವಾರ. ತಂಗಿ ಡಬ್ಬಿ ತೊಳೆಯುತ್ತಿದ್ದಳು. ಅವನು ಗಂಟಲು ಸರಿಮಾಡಿಕೊಂಡು ಎತ್ತಿದ.

“ಅವತ್ತು ನಿಂತಿದ್ದೋರು ನೀವೇ ಅಲ್ವಾ?” ಸೂಪರ್‌ವೈಸರ್ ದನಿ.

“ಹೌದು.”

“ನಾಡಿದ್ದಿಂದ ಬರ್ತೀರಾ? ನಮ್ಮಲ್ಲಿ ನಡೆಯೋನು ಇದಾನೆ. ನಿಲ್ಲೋರೇ ಕೆಲಸ ಬಿಟ್ಟಿದ್ದು. ಎರಡು ತಿಂಗಳಿಂದ ನೋಡ್ತಾ ಇದೀನಿ, ಬಂದೋರೆಲ್ಲ ನಡೆಯೋರೇ. ನೀವು ಮೊದಲಿಂದಲೂ ನಿಲ್ಲೋರೇನಾ?”

ಬಾಯಿ ತೆರೆದ. ತಂಗಿ ಒದ್ದೆ ಮುಚ್ಚಳವನ್ನು ಹಿಡಿದು ಹಾಗೇ ನಿಂತಿದ್ದಳು. ಮುಚ್ಚಳದಿಂದ ನೀರು ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು, ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅದೇ ಹೊತ್ತಿಗೆ ಎಲ್ಲೋ ಒಂದು ಮನೆಯಲ್ಲಿ, ಕಿವಿಯ ಮೇಲೆ ಬಣ್ಣ ಉಳಿದವನೊಬ್ಬ ಫೋನನ್ನು ಮುಂದಿಟ್ಟುಕೊಂಡು ಕೂತಿದ್ದಾನೆ.

“ಹೌದು,” ಎಂದ. “ಇಪ್ಪತ್ತಾರು ವರ್ಷ.”

ಫೋನಿಟ್ಟ ಮೇಲೆ ತಂಗಿ ಕುರ್ಚಿಯ ಮೇಲೆ ಕುಸಿದು ಕೂತಳು. ಕಣ್ಣೊರೆಸಿಕೊಂಡಳು.

“ಏನಂತೆ ಕೆಲಸ?”

“ನಿಲ್ಲೋದು.”

“ನಿಂತ್ಕೊಂಡ್ರೆ ಸಂಬಳ ಕೊಡ್ತಾರಾ? ಪರವಾಗಿಲ್ಲ ಬಿಡು. ನಮ್ಮನೆಯವರಿಗೆ ಆಫೀಸಲ್ಲಿ ಕೂತೇ ನಿದ್ದೆ ಮಾಡೋಕೆ ಕೊಡ್ತಾರೆ.”

ಹೋಟೆಲ್ಲಿನ ನಡೆಯುವವನಿಗೆ ನಲವತ್ತಿರಬಹುದು. ಎರಡೂ ಕಿವಿಯಲ್ಲಿ ಇಯರ್‌ಫೋನ್. ಮೊದಲ ದಿನ ಒಂದನ್ನು ತೆಗೆದು, “ನಿಮಗಿಂತ ಮುಂಚೆ ಇದ್ದ ಯಜಮಾನ್ರು ಕಣ್ಣು ಮುಚ್ಕೊಂಡೇ ನಿಲ್ತಿದ್ರು. ನಿದ್ದೆ ಮಾಡ್ತಾರೆ ಅನ್ಕೊಂಡಿದ್ದೆ. ಒಂದು ದಿನಾನೂ ಬೀಳಿಸಲಿಲ್ಲ” ಎಂದು ಹೇಳಿ ಮತ್ತೆ ಸಿಕ್ಕಿಸಿಕೊಂಡ. ಅದಾದ ಮೇಲೆ ಮಾತಿಲ್ಲ. ಯಂತ್ರ ಸದ್ದು ಮಾಡುತ್ತಿತ್ತು. ಊಟದ ಹೊತ್ತಿನಲ್ಲಿ ಎಲ್ಲರೂ ತಮ್ಮ ತಮ್ಮ ಮೊಬೈಲಿಗೆ ಒರಗಿಕೊಂಡು ತಿನ್ನುತ್ತಿದ್ದರು. ಅವನು ತಟ್ಟೆಯ ಕೆಳಗಿನ ಪೇಪರ್ ನ್ಯಾಪ್‌ಕಿನ್ನನ್ನು ಮಡಚಿ, ಬಿಡಿಸಿ, ಮಡಚುತ್ತಿದ್ದ. ಮಧ್ಯಾಹ್ನದ ಮೇಲೆ ಮತ್ತೆ ಆ ಮುಖ ಬರುವುದು, ಹೋಗುವುದು. ಬರುವುದು, ಹೋಗುವುದು. ಆರು ಹೆಜ್ಜೆ.

ನಿಲ್ಲುವುದು ಸುಲಭವೆಂದು ಅವನು ಇಪ್ಪತ್ತಾರು ವರ್ಷ ಅಂದುಕೊಂಡಿದ್ದ. ಮೂರನೆಯ ವಾರಕ್ಕೆ ಮಂಡಿ ಹಿಡಿಯಿತು. ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯಬೇಕಾಯಿತು.

ಆ ಭಾನುವಾರ ತಂಗಿ ಬರಲಿಲ್ಲ. ಕೆಲಸವಿದೆಯಲ್ಲ ಅವನಿಗೆ, ಇನ್ನು ವಾರ ವಾರ ಬರುವ ಅಗತ್ಯವೇನು. ಅವನು ಮಧ್ಯಾಹ್ನದವರೆಗೆ ಮೊಬೈಲನ್ನು ಕೈಯಲ್ಲಿ ಹಿಡಿದುಕೊಂಡಿದ್ದು, ಕೊನೆಗೆ ಉದ್ದಣ್ಣನಿಗೆ ಫೋನ್ ಮಾಡಿದ.

“ಯಾರು?”

“ನಾನು.”

“ನಾನು ಅಂದ್ರೆ?”

“ಐದ್ಹೆಜ್ಜೆ.”

ಆ ಕಡೆ ಯಾರೋ ಟಿವಿಯ ಸದ್ದು ತಗ್ಗಿಸಿದರು. “ಹೇಳೋ,” ಎಂದ ಉದ್ದಣ್ಣ.

“ಕೆಲಸ ಸಿಕ್ತು. ಹೋಟೆಲಲ್ಲಿ. ಮಡಚೋದೇ.”

“ಒಳ್ಳೇದಾಯ್ತು. ಯಾರು ನಿಲ್ಲೋದು?”

“ನಾನು.”

“ಯಾರು?”

“ನಾನೇ. ಸುಳ್ಳು ಹೇಳಿದೀನಿ ಉದ್ದಣ್ಣ. ಇಪ್ಪತ್ತಾರು ವರ್ಷ ನಿಂತಿದ್ದೆ ಅಂತ.”

“ನಿಂತಿದ್ದು ನಾನು.”

“ಅದಕ್ಕೇ ಫೋನ್ ಮಾಡಿದ್ದು.”

ಉದ್ದಣ್ಣ ನಕ್ಕ, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. “ಮಂಡಿ ಹೇಗಿದೆ?”

“ನೋವು. ನಿನಗೇನು, ಮೊದಲಿಂದ ಇತ್ತು, ಅಭ್ಯಾಸ ಆಗಿತ್ತು.”

“ಮೊದಲಿಂದ ಇತ್ತು ಅಂತ ಯಾರೋ ಹೇಳಿದ್ದು ನಿನಗೆ? ಸೇರಿದಾಗ ಮಂಡಿ ಕಬ್ಬಿಣದ ಹಾಗಿತ್ತು. ಡಿಪ್ಲೊಮಾ ಓದುವಾಗ ಫುಟ್‌ಬಾಲ್ ಆಡ್ತಿದ್ದೆ ನಾನು. ನಿಂತೂ ನಿಂತೂ ಹೋಗಿದ್ದು ಅದು.”

“ಮತ್ತೆ ಯಾಕೆ ನಿಂತೆ?”

“ನೀನು ಬಂದ ದಿನ ಬಟ್ಟೆ ಕೊಟ್ಟರು, ನೀನು ನಡೆದುಬಿಟ್ಟೆ. ನಾನೂ ನಡೆಯೋನೇ ಆಗಿದ್ದೆ ಕಣೋ ಅಲ್ಲೀವರೆಗೆ. ಒಬ್ಬ ನಿಲ್ಲಬೇಕಿತ್ತು.”

ಅವನು ಮಂಚದ ಮೇಲೆ ಕೂತ. ಮಂಡಿಯ ಮೇಲೆ ಅಂಗೈ ಇಟ್ಟುಕೊಂಡ.

“ಹೇಳಬಾರದಿತ್ತಾ? ಸರದಿ ಮಾಡ್ಕೋಬಹುದಿತ್ತು.”

“ಏನಂತ ಹೇಳೋದು? ಅಷ್ಟು ಚೆನ್ನಾಗಿ ಬರ್ತಾ ಇದ್ದೆ ನೀನು.” ಉದ್ದಣ್ಣ ಮತ್ತೊಮ್ಮೆ ಕೆಮ್ಮಿ ಹೇಳಿದ, “ನಿನ್ನ ಎಡ ಹುಬ್ಬಲ್ಲಿ ಒಂದು ಬಿಳಿ ಕೂದಲು ಬಂತಲ್ಲ, ಆಸ್ಪತ್ರೇಲಿ ಹೊಸ ಲಿಫ್ಟ್ ಹಾಕಿದ ವರ್ಷ. ಅದನ್ನ ನಾನು ನಿನಗಿಂತ ಮುಂಚೆ ನೋಡಿದ್ದೆ. ಹೇಳಿದ್ರೆ ನೀನು ಕನ್ನಡಿ ಹುಡುಕ್ಕೊಂಡು ಹೋಗ್ತ ಇದ್ದೆ ಅಂತ ಸುಮ್ಮನಿದ್ದೆ. ಈಗ ಎಷ್ಟಿವೆ?”

ಅವನು ಹುಬ್ಬು ಮುಟ್ಟಿ ನೋಡಿಕೊಂಡ. “ಎಲ್ಲಾ ಅವೇ.”

“ನನ್ನ ಮುಖ ಏನಾದ್ರೂ ನೆನಪಿದೆಯಾ ನಿನಗೆ? ಇಲ್ಲಿ ಮೊಮ್ಮಗಳು ಹೇಳ್ತಾಳೆ, ಗಡ್ಡ ಬಿಟ್ಟಮೇಲೆ ತಾತ ಬೇರೆ ಯಾರೋ ಆಗ್ಬಿಟ್ಟ ಅಂತ.”

ಅವನು ಕಣ್ಣು ಮುಚ್ಚಿದ. ನೆನಪಾದದ್ದು ಹತ್ತು ಬೆರಳು. ಬಲಗೈ ಹೆಬ್ಬೆರಳಿನ ಸೀಳಿದ ಉಗುರು, ಎಡಗೈ ಕಿರುಬೆರಳಿನ ಮೇಲೊಂದು ಸುಟ್ಟ ಕಲೆ, ತುದಿ ಕೈಗೆ ಬಂದಾಗ ಹೆಬ್ಬೆರಳು ತೆರೆದು ಮುಚ್ಚುವ ರೀತಿ. ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಒಂದು ದನಿ.

“ಇದೆ,” ಎಂದ.

“ಬಾ ಒಂದು ಸಲ.”

“ಬರ್ತೀನಿ.”

ಇಬ್ಬರೂ ಫೋನಿಡಲಿಲ್ಲ. ಆ ಕಡೆ ಟಿವಿಯ ಸದ್ದು ಮತ್ತೆ ಜೋರಾಯಿತು. ಸ್ವಲ್ಪ ಹೊತ್ತಿನ ಮೇಲೆ ಅದೂ ನಿಂತಿತು. ನೋಡಿದರೆ ಫೋನು ಕಟ್ ಆಗಿತ್ತು.

ಸೋಮವಾರ ಗಾಡಿಯ ತುಂಬ ಟೇಬಲ್ ಬಟ್ಟೆ ಬಂದಿತ್ತು. ಮೂವತ್ತನೆಯದೋ ಮೂವತ್ತೊಂದನೆಯದೋ ಬಟ್ಟೆಯ ನಡುವೆ ನಡೆಯುವವನು ಅರ್ಧ ದಾರಿಯಲ್ಲಿ ತಡೆದು ನಿಂತ. ಒಂದು ಇಯರ್‌ಫೋನ್ ಕಿತ್ತ. ಬಟ್ಟೆಯ ಹೊಟ್ಟೆ ನೆಲದ ಕಡೆಗೆ ಇಳಿಯತೊಡಗಿತು. ಈ ತುದಿಯಲ್ಲಿ ನಿಂತಿದ್ದ ಅವನು ಕೈ ಮೇಲೆತ್ತಿ ಅದನ್ನು ಹಿಡಿದ.

“ಯಜಮಾನ್ರೇ, ಏನು ನೋಡ್ತಾ ಇದೀರಿ ಆಗಿನಿಂದ?”

“ಏನಿಲ್ಲ,” ಎಂದ ಅವನು. “ಬನ್ನಿ.”

ನಡೆಯುವವನು ಇಯರ್‌ಫೋನ್ ಸಿಕ್ಕಿಸಿಕೊಂಡು ಬಂದ, ಕಣ್ಣು ಬೆರಳುಗಳ ಮೇಲೆ.